ಸಿಆರ್‌ಪಿ ರಿಪೋರ್ಟ್‌ನಲ್ಲಿರುವ ‘ಸಿ’ ಎಲ್ಲಿಂದ ಬಂತು? ಆಸ್ವಾಲ್ಡ್ ಏವರಿ ಮತ್ತು ನ್ಯುಮೋನಿಯಾ ವಾರ್ಡಿನ ಕಥೆ

ಮನೆಯಲ್ಲಿ ಯಾರನ್ನಾದರೂ ನ್ಯುಮೋನಿಯಾ ಎಂದು ಆಸ್ಪತ್ರೆಗೆ ಸೇರಿಸಿದರೆ ಸಂಜೆಯೊಳಗೆ ಲ್ಯಾಬ್ ರಿಪೋರ್ಟ್‌ನ ಪಿಡಿಎಫ್ ಮೊಬೈಲಿಗೆ ಬಂದಿರುತ್ತದೆ. ಅದರಲ್ಲಿ ಸಿಆರ್‌ಪಿ ಎಂಬ ಸಾಲು ದಪ್ಪಕ್ಷರದಲ್ಲಿರುತ್ತದೆ. ಇರಬೇಕಾದ್ದು 5ಕ್ಕಿಂತ ಕಡಿಮೆ, ಬಂದಿರುವುದು 148. ಡಾಕ್ಟರ್ ರೌಂಡ್ಸ್‌ಗೆ ಬರುವ ಮೊದಲೇ ಅದು ಫ್ಯಾಮಿಲಿ ಗ್ರೂಪಿಗೆ ಹೋಗಿರುತ್ತದೆ. ನೂರು ದಾಟಿದರೆ ಉಳಿಯುವುದು ಕಷ್ಟವಂತೆ ಎಂದು ಒಬ್ಬರು ಬರೆಯುತ್ತಾರೆ. ಇನ್ನೊಬ್ಬರು ಸಿಆರ್‌ಪಿ ಇಳಿಸುವ ಕಷಾಯದ ವಿಡಿಯೋ ಹಾಕುತ್ತಾರೆ. ಸಿ ಅಂದರೆ ಕೊರೊನಾ ಎಂದು ನಂಬಿದವರೂ ಇದ್ದಾರೆ.

ಆ ‘ಸಿ’ಗೂ ಕೊರೊನಾಕ್ಕೂ ಸಂಬಂಧವಿಲ್ಲ. ಅದು ಸುಮಾರು ತೊಂಬತ್ತೈದು ವರ್ಷಗಳ ಹಿಂದೆ ನ್ಯೂಯಾರ್ಕಿನ ಒಂದು ಪ್ರಯೋಗಾಲಯದಲ್ಲಿ, ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ ಒಂದು ಭಾಗಕ್ಕೆ ಅಂಟಿಸಿದ ಗುರುತು. ಆ ಪ್ರಯೋಗಾಲಯ ನಡೆಸುತ್ತಿದ್ದವರು ಆಸ್ವಾಲ್ಡ್ ಏವರಿ. ಜೀವಶಾಸ್ತ್ರ ಓದಿದವರಿಗೆ ಅವರು ಡಿಎನ್‌ಎ ಪಾಠದಲ್ಲಿ ಸಿಗುತ್ತಾರೆ. ಆದರೆ ಅವರು ಜೀವನವಿಡೀ ಮಾಡಿದ್ದು ನ್ಯುಮೋನಿಯಾದ ಕೆಲಸ. ರಿಪೋರ್ಟಿನ ಆ ಅಂಕಿಯನ್ನು ಹೇಗೆ ಓದಬೇಕು ಎಂಬುದಕ್ಕೂ ಅವರ ಕಥೆಯಲ್ಲಿ ಉತ್ತರವಿದೆ.

ಏವರಿ ಹುಟ್ಟಿದ್ದು 1877ರ ಅಕ್ಟೋಬರ್ 21ರಂದು, ಕೆನಡಾದ ಹ್ಯಾಲಿಫ್ಯಾಕ್ಸ್ ಎಂಬ ಬಂದರು ಊರಿನಲ್ಲಿ. ತಂದೆ ಇಂಗ್ಲೆಂಡಿನಿಂದ ವಲಸೆ ಬಂದಿದ್ದ ಬ್ಯಾಪ್ಟಿಸ್ಟ್ ಪಾದ್ರಿ. ಹುಡುಗನಿಗೆ ಹತ್ತು ವರ್ಷವಾದಾಗ ಕುಟುಂಬ ನ್ಯೂಯಾರ್ಕಿನ ಬಡವರ ಬಡಾವಣೆಯೊಂದರ ಚರ್ಚಿಗೆ ಬಂತು. 1892ರಲ್ಲಿ, ಒಂದೇ ವರ್ಷದಲ್ಲಿ, ಅಣ್ಣನೂ ತಂದೆಯೂ ತೀರಿಕೊಂಡರು. ತುತ್ತೂರಿಯನ್ನು ಹೋಲುವ ಕಾರ್ನೆಟ್ ವಾದ್ಯವನ್ನು ಚೆನ್ನಾಗಿ ನುಡಿಸುತ್ತಿದ್ದ ಈ ಹುಡುಗ ಕಾಲೇಜಿನಲ್ಲಿ ಓದಿದ್ದು ಹೆಚ್ಚಾಗಿ ಸಾಹಿತ್ಯ, ಭಾಷಣಕಲೆಯಂಥ ವಿಷಯಗಳನ್ನು. ಆಮೇಲೆ ಯಾಕೋ ವೈದ್ಯಕೀಯಕ್ಕೆ ಹೊರಳಿ, 1904ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರಾಗಿ ಹೊರಬಂದರು.

ಪ್ರಾಕ್ಟೀಸ್ ಅವರಿಗೆ ಒಗ್ಗಲಿಲ್ಲ. ರೋಗಿಗಳೊಂದಿಗೆ ಚೆನ್ನಾಗಿಯೇ ಇದ್ದರು. ಆದರೆ ಶ್ವಾಸಕೋಶದ ಕಾಯಿಲೆ ಹಿಡಿದವರು ಬಂದಾಗ ಕೈಯಲ್ಲಿ ಏನೂ ಇಲ್ಲದೆ ನಿಲ್ಲಬೇಕಾಗುತ್ತಿತ್ತು. ಆಗ ಆ್ಯಂಟಿಬಯೋಟಿಕ್ ಎಂಬುದೇ ಇರಲಿಲ್ಲ. ಮೂರು ವರ್ಷಗಳಲ್ಲಿ ಪ್ರಾಕ್ಟೀಸ್ ಬಿಟ್ಟು, 1907ರಲ್ಲಿ ಬ್ರೂಕ್ಲಿನ್‌ನ ಹೋಗ್‌ಲ್ಯಾಂಡ್ ಪ್ರಯೋಗಾಲಯ ಸೇರಿದರು. ಅಲ್ಲಿ ಮೊದಮೊದಲು ಅವರ ಕೈಗೆ ಸಿಕ್ಕಿದ ವಿಷಯಗಳಲ್ಲಿ ಮೊಸರಿನ ಬ್ಯಾಕ್ಟೀರಿಯಾವೂ ಒಂದು.

1913ರಲ್ಲಿ ರಾಕ್‌ಫೆಲರ್ ಸಂಸ್ಥೆಯ ಆಸ್ಪತ್ರೆಯಿಂದ ಕರೆ ಬಂತು. ಅಲ್ಲಿ ಕೆಲವೇ ಕಾಯಿಲೆಗಳನ್ನು ಆರಿಸಿಕೊಂಡು, ಅದೇ ಕಾಯಿಲೆಯವರನ್ನು ದಾಖಲಿಸಿಕೊಂಡು, ವಾರ್ಡಿನ ಪಕ್ಕದಲ್ಲೇ ಸಂಶೋಧನೆ ನಡೆಸುತ್ತಿದ್ದರು. ಏವರಿಗೆ ಸಿಕ್ಕಿದ್ದು ನ್ಯುಮೋನಿಯಾ. ನಿವೃತ್ತಿಯವರೆಗೆ ಅವರು ಆ ಕಟ್ಟಡ ಬಿಡಲಿಲ್ಲ.

ಆ ಕಾಲದ ನ್ಯುಮೋನಿಯಾ ಹೇಗಿರುತ್ತಿತ್ತು ಎಂಬುದು ನಮ್ಮ ಪೀಳಿಗೆಗೆ ಗೊತ್ತಿಲ್ಲ. ಚಳಿ ನಡುಕದೊಂದಿಗೆ ಜ್ವರ ಏರುತ್ತದೆ. ತುಕ್ಕಿನ ಬಣ್ಣದ ಕಫ, ಪಕ್ಕೆ ನೋವು, ಮೇಲುಸಿರು. ಹೀಗೇ ಒಂದು ವಾರ, ಹತ್ತು ದಿನ. ಆಮೇಲೆ ಒಂದು ರಾತ್ರಿ ಎರಡರಲ್ಲೊಂದು ಆಗುತ್ತಿತ್ತು. ರೋಗಿ ಬೆವೆತು ನೀರಾಗಿ, ಕೆಲವೇ ಗಂಟೆಗಳಲ್ಲಿ ಜ್ವರ ಜರ್ರನೆ ಇಳಿದು ಬದುಕಿಕೊಳ್ಳುತ್ತಿದ್ದ, ಇಲ್ಲವೇ ಸಾಯುತ್ತಿದ್ದ. ಡಾಕ್ಟರುಗಳು ಈ ಗಳಿಗೆಯನ್ನು ‘ಕ್ರೈಸಿಸ್’ ಎಂದು ಕರೆಯುತ್ತಿದ್ದರು. ಯಾರು ಯಾವ ಕಡೆ ಬೀಳುತ್ತಾರೆ ಎಂದು ಮೊದಲೇ ತಿಳಿಯುವುದು ಹೇಗೆ? ಇಂದು ಐಸಿಯು ಹೊರಗೆ ಕುಳಿತವರು ಕೇಳುವುದೂ ಇದೇ ಪ್ರಶ್ನೆಯನ್ನು.

ಇದ್ದ ಒಂದೇ ಆಸರೆ ಕುದುರೆಯ ಸೀರಂ. ಕುದುರೆಗೆ ಬ್ಯಾಕ್ಟೀರಿಯಾ ಚುಚ್ಚಿ, ಅದರ ರಕ್ತದಲ್ಲಿ ಪ್ರತಿಕಾಯ ಬೆಳೆದ ಮೇಲೆ ತಿಳಿ ದ್ರವ ತೆಗೆದು ರೋಗಿಗೆ ಕೊಡುತ್ತಿದ್ದರು. ತೊಡಕೇನೆಂದರೆ ನ್ಯುಮೋಕಾಕಸ್ ಬ್ಯಾಕ್ಟೀರಿಯಾದಲ್ಲಿ ಹಲವು ಬಗೆ, ಒಂದರ ಸೀರಂ ಇನ್ನೊಂದಕ್ಕೆ ನಾಟುವುದಿಲ್ಲ. ಆಗ ಒಂದನೇ ಬಗೆಗೆ ಸೀರಂ ಕೆಲಸ ಮಾಡುತ್ತಿತ್ತು. ಮೂರನೇ ಬಗೆಯಾಗಿದ್ದರೆ ಕೈಚೆಲ್ಲಬೇಕಿತ್ತು. ಯಾವ ಬಗೆ ಎಂದು ತಿಳಿಯಲು ರೋಗಿಯ ಕಫವನ್ನು ಇಲಿಯ ಹೊಟ್ಟೆಗೆ ಚುಚ್ಚಿ ಗಂಟೆಗಟ್ಟಲೆ ಕಾಯುತ್ತಿದ್ದರು.

1917ರಲ್ಲಿ ಏವರಿ ಮತ್ತು ಅವರ ಸಹೋದ್ಯೋಗಿ, ಮನೆಯನ್ನೂ ಹಂಚಿಕೊಂಡಿದ್ದ ಗೆಳೆಯ ಆಲ್ಫಾನ್ಸ್ ಡೋಶೆ ಒಂದು ವಿಷಯ ಗಮನಿಸಿದರು. ಬ್ಯಾಕ್ಟೀರಿಯಾ ಬೆಳೆಯುತ್ತ ತನ್ನ ಮೈಮೇಲಿನ ಒಂದು ವಸ್ತುವನ್ನು ಸುತ್ತಲೂ ಉದುರಿಸುತ್ತದೆ. ಅದು ರೋಗಿಯ ರಕ್ತದಲ್ಲೂ ಮೂತ್ರದಲ್ಲೂ ಸಿಗುತ್ತದೆ. ಅಂದರೆ ಕಾಯಿಲೆ ಶ್ವಾಸಕೋಶದಲ್ಲಿದ್ದರೂ ಅದರ ಸುಳಿವು ಒಂದು ಟ್ಯೂಬಿನಲ್ಲಿ ಹಿಡಿಯುವಷ್ಟು ದೂರಕ್ಕೆ ಬರುತ್ತದೆ. ಈಗಿನ ಪ್ಯಾಥಾಲಜಿ ಲ್ಯಾಬ್‌ಗೆ ಇದು ಸಾಮಾನ್ಯ ಮಾತು, ಆಗ ಹೊಸದು.

ಅಷ್ಟರಲ್ಲಿ ಯುದ್ಧ. ಏವರಿ ಇನ್ನೂ ಅಮೆರಿಕದ ಪೌರರಾಗಿರಲಿಲ್ಲ. ಹಾಗಾಗಿ ನಲವತ್ತರ ಹತ್ತಿರದ ಈ ಡಾಕ್ಟರ್ ಸೇನೆಯ ವೈದ್ಯಕೀಯ ದಳಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದರು, ಪೌರತ್ವ ಸಿಕ್ಕ ಮೇಲೆ ಕ್ಯಾಪ್ಟನ್ ಆದರು. 1918ರ ಫ್ಲೂ ಬಂದಾಗ ಸೇನಾ ಶಿಬಿರಗಳಲ್ಲಿ ಯುವಕರು ನ್ಯುಮೋನಿಯಾದಿಂದ ಸಾಲುಸಾಲಾಗಿ ಸತ್ತರು. ಆ ವರ್ಷಗಳ ನಂತರ ನ್ಯುಮೋನಿಯಾ ಸಂಶೋಧನೆಗೆ ಯಾರೂ ಕಾರಣ ಕೇಳಲಿಲ್ಲ.

1923ರಲ್ಲಿ ರಸಾಯನಶಾಸ್ತ್ರಜ್ಞ ಮೈಕೆಲ್ ಹೈಡಲ್‌ಬರ್ಗರ್ ಜೊತೆಗೂಡಿ ಬ್ಯಾಕ್ಟೀರಿಯಾದ ಹೊರಗವಸು ಪ್ರೋಟೀನ್ ಅಲ್ಲ, ಸಕ್ಕರೆಯ ಸರಪಳಿ ಎಂದು ತೋರಿಸಿದರು. ಬಗೆಬಗೆಯ ನ್ಯುಮೋಕಾಕಸ್‌ಗೆ ಬಗೆಬಗೆಯ ಸಕ್ಕರೆಗವಸು. ಮಕ್ಕಳಿಗೆ ಇಂದು ಹಾಕಿಸುವ ನ್ಯುಮೋಕಾಕಲ್ ಲಸಿಕೆಯ ಬುಡ ಇಲ್ಲಿದೆ.

ಗವಸಿನ ಬಗೆ ಬೇರೆಬೇರೆ ಇದ್ದರೂ ಎಲ್ಲ ನ್ಯುಮೋಕಾಕಸ್‌ಗಳ ಒಳಗೋಡೆಯಲ್ಲಿ ಸಾಮಾನ್ಯವಾದ ಒಂದು ಅಂಶ ಸಿಕ್ಕಿತು. ಅದಕ್ಕೆ ಇಟ್ಟ ಗುರುತು ‘ಸಿ’. 1930ರಲ್ಲಿ ಏವರಿಯವರ ವಿಭಾಗದ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬ ಇಬ್ಬರು ತರುಣ ಡಾಕ್ಟರುಗಳು ಈ ಸಿ ಅಂಶದ ದ್ರಾವಣಕ್ಕೆ ರೋಗಿಗಳ ಸೀರಂ ಬೆರೆಸಿ ನೋಡತೊಡಗಿದರು. (ಈ ಫ್ರಾನ್ಸಿಸ್ ಮುಂದೆ 1954ರಲ್ಲಿ ಸಾಕ್ ಪೋಲಿಯೊ ಲಸಿಕೆಯ ದೊಡ್ಡ ಪರೀಕ್ಷೆಯನ್ನು ನಡೆಸಿಕೊಟ್ಟವರು.)

ದೇಹ ಬ್ಯಾಕ್ಟೀರಿಯಾದ ಮೇಲೆ ಪ್ರತಿಕಾಯ ತಯಾರಿಸುತ್ತದೆಂದರೆ, ಕಾಯಿಲೆ ಶುರುವಾದಾಗ ಅದು ಕಡಿಮೆ ಇದ್ದು ಗುಣವಾಗುವ ಹೊತ್ತಿಗೆ ಹೆಚ್ಚಾಗಬೇಕು. ಆದರೆ ಕಂಡದ್ದು ತಿರುಗುಮುರುಗು. ಕಾಯಿಲೆ ಜೋರಾಗಿದ್ದವರ ಸೀರಂ ಬೆರೆಸಿದರೆ ಟ್ಯೂಬು ಮಬ್ಬಾಗುತ್ತಿತ್ತು. ಅದೇ ರೋಗಿ ಕ್ರೈಸಿಸ್ ದಾಟಿ ಚೇತರಿಸಿಕೊಂಡ ಮೇಲೆ ರಕ್ತ ತೆಗೆದರೆ ಟ್ಯೂಬು ತಿಳಿಯಾಗಿಯೇ ಉಳಿಯುತ್ತಿತ್ತು. ಆರೋಗ್ಯವಂತರ ರಕ್ತದಲ್ಲಿ ಏನೂ ಕಾಣಿಸಲಿಲ್ಲ.

ಇಲ್ಲಿಗೆ ನಿಲ್ಲಿಸಿ, ನ್ಯುಮೋನಿಯಾ ಪತ್ತೆಗೆ ಹೊಸ ಪರೀಕ್ಷೆ ಎಂದು ಸಾರಿಬಿಡಬಹುದಿತ್ತು. ಅವರು ಬೇರೆ ಕಾಯಿಲೆಯವರ ರಕ್ತವನ್ನೂ ನೋಡಿದರು. ರುಮ್ಯಾಟಿಕ್ ಜ್ವರದವರ ರಕ್ತ, ಹೃದಯದ ಕವಾಟಕ್ಕೆ ಸೋಂಕು ತಗುಲಿದವರ ರಕ್ತ. ನ್ಯುಮೋಕಾಕಸ್‌ಗೂ ಅವರಿಗೂ ಸಂಬಂಧವೇ ಇಲ್ಲ, ಆದರೂ ಟ್ಯೂಬು ಮಬ್ಬಾಯಿತು. ನಮಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಹೆಜ್ಜೆ ಇದು. ರಕ್ತದಲ್ಲಿರುವುದು ಬ್ಯಾಕ್ಟೀರಿಯಾದ ವಸ್ತುವಲ್ಲ, ಪ್ರತಿಕಾಯವೂ ಅಲ್ಲ, ಮೈ ಯಾವುದೋ ದೊಡ್ಡ ಉರಿಯೂತದಲ್ಲಿದೆ ಎಂದಷ್ಟೇ ಹೇಳುವ ಮತ್ತೇನೋ ಎಂದು ಅಲ್ಲಿಂದ ನಿಧಾನವಾಗಿ ಸ್ಪಷ್ಟವಾಯಿತು. ಅದು ಏನು ಎಂದು ಹೇಳಲು ಹನ್ನೊಂದು ವರ್ಷ ಹಿಡಿಯಿತು. 1941ರಲ್ಲಿ ಏವರಿ, ಕೊಲಿನ್ ಮೆಕ್ಲಿಯಡ್ ಮತ್ತು ಥಿಯೋಡೋರ್ ಅಬರ್ನೆತಿ ಅವರ ಲೇಖನಗಳಲ್ಲಿ ಅದೊಂದು ಪ್ರೋಟೀನ್ ಎಂದೂ, ಸಿ ಅಂಶಕ್ಕೆ ಅಂಟಿಕೊಳ್ಳಲು ಅದಕ್ಕೆ ಕ್ಯಾಲ್ಸಿಯಂ ಬೇಕೆಂದೂ ತೋರಿಸಿದರು. ಸಿ ಜೊತೆ ವರ್ತಿಸುವ ಪ್ರೋಟೀನ್ ಎಂಬ ಅರ್ಥದಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ, ಎಂಬ ಹೆಸರು ನಿಂತಿತು.

ಏವರಿಯವರ ಸ್ವಭಾವ ಈ ನಿಧಾನಕ್ಕೆ ಹೊಂದುತ್ತಿತ್ತು. ಸಣ್ಣ ಮೈಕಟ್ಟಿನ, ಮೆಲುಮಾತಿನ ಮನುಷ್ಯ. ಮದುವೆಯಾಗಲಿಲ್ಲ. ಜೊತೆಯವರು ಪ್ರೊಫೆಸರ್ ಎಂಬುದನ್ನು ಮೊಟಕು ಮಾಡಿ ಫೆಸ್ ಎಂದು ಕರೆಯುತ್ತಿದ್ದರು. ನಡುವೆ ಥೈರಾಯ್ಡ್ ಕಾಯಿಲೆ ಕಾಡಿ, ಶಸ್ತ್ರಚಿಕಿತ್ಸೆಯೂ ಆಯಿತು. ಬ್ಯಾಕ್ಟೀರಿಯಾದ ಒಂದು ಬಗೆ ಇನ್ನೊಂದಾಗಿ ಬದಲಾಗುತ್ತದೆ ಎಂದು 1928ರಲ್ಲಿ ಲಂಡನ್ನಿನ ಫ್ರೆಡರಿಕ್ ಗ್ರಿಫಿತ್ ಪ್ರಕಟಿಸಿದಾಗ ಮೊದಲಿಗೆ ಅವರು ನಂಬಲೇ ಇಲ್ಲ. ತಮ್ಮದೇ ಪ್ರಯೋಗಾಲಯದಲ್ಲಿ ಅದು ಮತ್ತೆಮತ್ತೆ ಆದ ಮೇಲೆ ಒಪ್ಪಿದರು. ಆ ಬದಲಾವಣೆ ತರುವ ವಸ್ತು ಯಾವುದು ಎಂದು ವರ್ಷಗಟ್ಟಲೆ ಬೆನ್ನುಹತ್ತಿ, ಮೆಕ್ಲಿಯಡ್ ಮತ್ತು ಮ್ಯಾಕ್ಲಿನ್ ಮೆಕಾರ್ಟಿ ಜೊತೆ 1944ರ ಫೆಬ್ರವರಿಯಲ್ಲಿ ಅದು ಡಿಎನ್‌ಎ ಎಂದು ಪ್ರಕಟಿಸಿದರು. ಆಗ ಅವರಿಗೆ 66 ವರ್ಷ. ಇದು ವಂಶವಾಹಿಯೇ ಇರಬಹುದೆಂಬ ಅನುಮಾನವನ್ನು ಹಿಂದಿನ ವರ್ಷವೇ ತಮ್ಮ ರಾಯ್‌ಗೆ ಪತ್ರದಲ್ಲಿ ಬರೆದಿದ್ದರು. ಪ್ರಕಟಿತ ಲೇಖನದಲ್ಲಿ ಆ ಮಾತಿಗೆ ಬಹಳ ಬಿಗಿಯಾದ ಕಡಿವಾಣವಿದೆ.

ರಾಯಲ್ ಸೊಸೈಟಿಯ ಕಾಪ್ಲಿ ಪದಕ 1945ರಲ್ಲಿ ಬಂತು. ಏವರಿ ಲಂಡನ್ನಿಗೆ ಹೋಗಲಿಲ್ಲ, ಹೆನ್ರಿ ಡೇಲ್ ತಾವೇ ನ್ಯೂಯಾರ್ಕಿಗೆ ಬಂದು ಕೊಟ್ಟು ಹೋದರು. ನೊಬೆಲ್ ಮಾತ್ರ ಬರಲಿಲ್ಲ. 1948ರಲ್ಲಿ ತಮ್ಮನ ಊರಾದ ನ್ಯಾಶ್‌ವಿಲ್ ಸೇರಿ, 1955ರ ಫೆಬ್ರವರಿ 20ರಂದು ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ 77 ವರ್ಷ.

ಅವರು ಬಿಟ್ಟುಹೋದ ಪ್ರೋಟೀನ್ ಬಗ್ಗೆ ಈಗ ಹೆಚ್ಚು ಗೊತ್ತಾಗಿದೆ. ಸಿಆರ್‌ಪಿ ತಯಾರಾಗುವುದು ಲಿವರ್‌ನಲ್ಲಿ. ಎಲ್ಲೋ ಸೋಂಕೋ ಗಾಯವೋ ಆದಾಗ ಐಎಲ್-6 ಎಂಬ ರಾಸಾಯನಿಕ ಸಂದೇಶ ಲಿವರ್‌ಗೆ ಹೋಗುತ್ತದೆ. ಸುಮಾರು ಆರು ಗಂಟೆಗಳಲ್ಲಿ ಸಿಆರ್‌ಪಿ ಏರಲು ಶುರು, ಎರಡು ದಿನದ ಹೊತ್ತಿಗೆ ತುದಿ ಮುಟ್ಟುತ್ತದೆ. ತಯಾರಿಕೆ ನಿಂತರೆ ರಕ್ತದಲ್ಲಿರುವುದು ಸುಮಾರು 19 ಗಂಟೆಗೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಹಾಗಾಗಿ ಒಂದೇ ದಿನದ ಅಂಕಿ ನಿಂತ ಬಸ್ಸಿನ ಫೋಟೊ ಇದ್ದಂತೆ, ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದು. ಮೊನ್ನೆ 210 ಇದ್ದು ಇಂದು 148 ಆಗಿದ್ದರೆ ಒಂದು ಅರ್ಥ. ನಿನ್ನೆ 40 ಇದ್ದು ಇಂದು 148 ಆಗಿದ್ದರೆ ಇನ್ನೊಂದು. ಟಿಲೆಟ್ ಮತ್ತು ಫ್ರಾನ್ಸಿಸ್ ಅದೇ ರೋಗಿಯ ರಕ್ತವನ್ನು ಮತ್ತೆ ತೆಗೆದು ನೋಡಿದ್ದಕ್ಕೇ ವಿಷಯ ಹೊರಬಿದ್ದಿತ್ತು.

ಇನ್ನೊಂದು ಸಣ್ಣ ವಿಷಯಕ್ಕೆ ಅನೇಕರು ಬೇಸ್ತು ಬೀಳುತ್ತಾರೆ. ಕೆಲವು ಲ್ಯಾಬ್‌ಗಳು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತವೆ, ಕೆಲವು ಡೆಸಿಲೀಟರಿಗೆ ಎಂದು. ಒಂದರ 148 ಇನ್ನೊಂದರ 14.8. ಲ್ಯಾಬ್ ಬದಲಾಯಿಸಿ ಪರೀಕ್ಷೆ ಮಾಡಿಸಿ, ಹತ್ತು ಪಟ್ಟು ಇಳಿಯಿತು ಎಂದು ಖುಷಿಪಡುವ ಮೊದಲು ಅಂಕಿಯ ಪಕ್ಕದ ಮಾನ ನೋಡಿ.

ಸರಿ, ಉಳಿಯುವ ಸಾಧ್ಯತೆಯನ್ನು ಸಿಆರ್‌ಪಿ ಹೇಳುತ್ತದೆಯೇ? ಸ್ವಲ್ಪ ಮಟ್ಟಿಗೆ, ಮತ್ತು ಒಂಟಿಯಾಗಿ ಅಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಆಸ್ಪತ್ರೆ ಸೇರಿದ 57,000ಕ್ಕೂ ಹೆಚ್ಚು ಕೋವಿಡ್ ರೋಗಿಗಳ ಮಾಹಿತಿಯಿಂದ ರೂಪಿಸಿ, ಪರೀಕ್ಷಿಸಿದ 4ಸಿ ಸ್ಕೋರ್. (ಇಲ್ಲಿನ ‘ಸಿ’ ಮತ್ತೆ ಬೇರೆ.) ಒಟ್ಟು 21 ಅಂಕ, ಎಂಟು ವಿಷಯ. ವಯಸ್ಸಿಗೆ 7 ಅಂಕದವರೆಗೆ. ರಕ್ತದ ಯೂರಿಯಾಕ್ಕೆ 3ರವರೆಗೆ. ಬೇರೆ ಕಾಯಿಲೆಗಳು, ಉಸಿರಾಟದ ವೇಗ, ಆಮ್ಲಜನಕದ ಮಟ್ಟ, ಪ್ರಜ್ಞೆ ಮಂಕಾಗಿದೆಯೇ ಎಂಬುದು, ಇವಕ್ಕೆ ತಲಾ 2ರವರೆಗೆ. ಗಂಡಸಾಗಿದ್ದರೆ 1. ಸಿಆರ್‌ಪಿ 100 ಅಥವಾ ಹೆಚ್ಚಿದ್ದರೆ 2, 50ರಿಂದ 99 ಇದ್ದರೆ 1.

ಲೆಕ್ಕ ಹಾಕಿ ನೋಡೋಣ. 45 ವರ್ಷದ ಗಂಡಸು, ಸಿಆರ್‌ಪಿ 160, ಉಳಿದೆಲ್ಲ ಸರಿಯಿದೆ. ಅವರಿಗೆ ಬರುವುದು 3 ಅಂಕ. ಆ ಅಧ್ಯಯನದಲ್ಲಿ 0ರಿಂದ 3 ಅಂಕದ ಗುಂಪಿನಲ್ಲಿ ತೀರಿಕೊಂಡವರು ನೂರಕ್ಕೆ ಸುಮಾರು ಒಬ್ಬರು. ಇನ್ನೊಬ್ಬರು 75 ವರ್ಷದವರು, ಸಕ್ಕರೆ ಕಾಯಿಲೆ ಇದೆ, ನಿಮಿಷಕ್ಕೆ 26 ಬಾರಿ ಉಸಿರಾಟ, ಆಮ್ಲಜನಕ 90. ಸಿಆರ್‌ಪಿ ಬರೀ 40, ಅದಕ್ಕೆ ಸೊನ್ನೆ ಅಂಕ. ಆದರೂ ಒಟ್ಟು 10 ಅಂಕ. ಅವರ ಗುಂಪಿನಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಉಳಿಯಲಿಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಗಾಬರಿಯಾಗುವುದು 160ಕ್ಕೆ! ಇದು ಲಸಿಕೆ ಬರುವ ಮೊದಲಿನ ಬ್ರಿಟಿಷ್ ಆಸ್ಪತ್ರೆಗಳ ಲೆಕ್ಕ, ಮನೆಯಲ್ಲಿ ಕುಳಿತು ಅಂಕ ಹಾಕಿಕೊಳ್ಳಲು ಅಲ್ಲ. ಯಾವುದಕ್ಕೆ ಎಷ್ಟು ತೂಕ ಎಂದು ತಿಳಿಯಲಷ್ಟೇ. ಸಾಮಾನ್ಯ ನ್ಯುಮೋನಿಯಾಕ್ಕೆ ಡಾಕ್ಟರುಗಳು ಬಳಸುವ, 2003ರಲ್ಲಿ ಪ್ರಕಟವಾದ ಕರ್ಬ್-65 ಸ್ಕೋರ್‌ನಲ್ಲಂತೂ ಸಿಆರ್‌ಪಿ ಇಲ್ಲವೇ ಇಲ್ಲ. ಅದರಲ್ಲಿರುವ ಒಂದೇ ರಕ್ತಪರೀಕ್ಷೆ ಯೂರಿಯಾ.

ಹಾಗೆಂದು ಸಿಆರ್‌ಪಿ ಕೆಲಸಕ್ಕೆ ಬಾರದ್ದಲ್ಲ. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಟೋಸಿಲಿಜುಮ್ಯಾಬ್ ಔಷಧ ಯಾರಿಗೆ ಎಂದು ಆರಿಸಲು ಅದನ್ನೇ ಬಳಸಿದರು. ಆಮ್ಲಜನಕ ಕಡಿಮೆಯಿರಬೇಕು, ಜೊತೆಗೆ ಸಿಆರ್‌ಪಿ 75 ಅಥವಾ ಹೆಚ್ಚಿರಬೇಕು. ಎರಡೂ ಒಟ್ಟಿಗೆ. ಹಾಗೆ ಆರಿಸಿದ 4,116 ರೋಗಿಗಳಲ್ಲಿ, 28 ದಿನಗಳೊಳಗಿನ ಸಾವು ಔಷಧ ಸಿಕ್ಕವರಲ್ಲಿ ಶೇ. 31, ಸಿಗದವರಲ್ಲಿ ಶೇ. 35. ಆದರೆ ಈ ಔಷಧ ತಡೆಯುವುದು ಲಿವರ್‌ಗೆ ಹೋಗುವ ಆ ಐಎಲ್-6 ಸಂದೇಶವನ್ನೇ. ಅದನ್ನು ಕೊಟ್ಟ ಮೇಲೆ ಸೋಂಕು ಇದ್ದರೂ ಸಿಆರ್‌ಪಿ ಇಳಿಯುತ್ತದೆ. ಲಿವರ್ ತೀರಾ ಕೆಟ್ಟವರಲ್ಲೂ ಅದು ಏರದೇ ಇರಬಹುದು. ಇಳಿದ ಅಂಕಿ ಯಾವಾಗಲೂ ಸಿಹಿಸುದ್ದಿಯಲ್ಲ.

2021ರ ಎರಡನೇ ಅಲೆಯಲ್ಲಿ ನಮ್ಮಲ್ಲಿ ಆದದ್ದು ಬೇರೆ ತರಹದ ಅನಾಹುತ. ಸಣ್ಣ ಜ್ವರವಿದ್ದವರೂ ತಾವಾಗಿಯೇ ಸಿಆರ್‌ಪಿ, ಡಿ-ಡೈಮರ್, ಫೆರಿಟಿನ್ ಪ್ಯಾಕೇಜ್ ಮಾಡಿಸಿ, ಅಂಕಿ ನೋಡಿ, ಯಾರೋ ಕಳಿಸಿದ ಚೀಟಿಯ ಪ್ರಕಾರ ಸ್ಟೀರಾಯ್ಡ್ ಮಾತ್ರೆ ನುಂಗಿದರು. ಆಮ್ಲಜನಕ ಬೇಕಾದವರಿಗೆ ಡೆಕ್ಸಾಮೆಥಾಸೋನ್ ಜೀವ ಉಳಿಸುತ್ತದೆ, ಬೇಡದವರಿಗೆ ಲಾಭವಿಲ್ಲ ಎಂದು ಇದೇ ರಿಕವರಿ ಪ್ರಯೋಗ 2020ರಲ್ಲೇ ತೋರಿಸಿತ್ತು. ದೆಹಲಿ ಏಮ್ಸ್‌ನ ಆಗಿನ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ 2021ರ ಮೇ ಆರಂಭದಲ್ಲಿ, ಸೌಮ್ಯ ಲಕ್ಷಣದವರು ಇಂಥ ಪರೀಕ್ಷೆಗಳ ಹಿಂದೆ ಹೋಗಬಾರದು, ಬೇಗನೆ ಸ್ಟೀರಾಯ್ಡ್ ಶುರು ಮಾಡಬಾರದು ಎಂದು ಎಚ್ಚರಿಸಿದ್ದರು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅತಿಯಾದ ಸ್ಟೀರಾಯ್ಡ್ ಕಪ್ಪು ಶಿಲೀಂಧ್ರಕ್ಕೆ ದಾರಿ ಮಾಡಿಕೊಟ್ಟಿತು. ಕಷಾಯದ ವಿಡಿಯೋಗೂ ಇದೇ ಉತ್ತರ: ಸೋಂಕು ಇಳಿದರೆ ಸಿಆರ್‌ಪಿ ತಾನಾಗಿ ಇಳಿಯುತ್ತದೆ, ಸಿಆರ್‌ಪಿ ಇಳಿಸುವುದೇ ಚಿಕಿತ್ಸೆಯಲ್ಲ.

ಕೆಮ್ಮು ಜ್ವರದವರು ಮನೆಯಲ್ಲಿದ್ದರೆ ಲ್ಯಾಬ್ ಇಲ್ಲದೆಯೂ ನೋಡಬಹುದಾದದ್ದು ಇಷ್ಟು. ಸುಮ್ಮನೆ ಕುಳಿತಾಗ, ವಾಚ್ ಹಿಡಿದು ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ಎಣಿಸಿ. ದೊಡ್ಡವರಲ್ಲಿ ಅದು 30 ಮುಟ್ಟಿದರೆ, ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸುತ್ತಲೇ ಇದ್ದರೆ, ತುಟಿ ನೀಲಿಯಾದರೆ, ಅಥವಾ ವಯಸ್ಸಾದವರು ಇದ್ದಕ್ಕಿದ್ದಂತೆ ಗೊಂದಲದ ಮಾತಾಡತೊಡಗಿದರೆ, ರಿಪೋರ್ಟ್‌ಗೆ ಕಾಯದೆ ಆಸ್ಪತ್ರೆಗೆ ಹೊರಡಿ. ಆಂಬ್ಯುಲೆನ್ಸ್ ನಂಬರ್ 108.